ಬಲ್ಬಿನ ಬಂಗಾರ

ಧಾರವಾಡದ ಬಸ್ಸಿನಲ್ಲಿ ಕುಬೇರಪ್ಪನ ಮುಂದಿನ ಸೀಟಿಗೆ ತಾಯಿ, ಮಗಳು ಬಂದು ಕುಳಿತರು. ಮಗಳ ತೊಡೆಯ ಮೇಲೆ ಡಿಜಿಟಲ್ ಕ್ಯಾಮೆರಾ, ತಾಯಿಯ ಕೈಯಲ್ಲಿ ಇಬ್ಬರೂ ಇದ್ದ ಫೋಟೋ. ಕುಬೇರಪ್ಪನ ಕಿವಿ ತಾನಾಗಿಯೇ ನೆಟ್ಟಗಾಯಿತು.

“ಇದನ್ನ ಕಳಸೂಣು ದಾಕ್ಷಿ. ಬಂಗಾರದಂಗ ಕಾಣ್ತಿ. ಗಂಡಿನವ್ರು ಒಪ್ಪತಾರ.”

“ಬಂಗಾರ ಅಲ್ಲವ್ವ, ಪಡಸಾಲಿ ಬಲ್ಬಿನ ಹಳದಿ ಅದು. ಈ ಸಲ ಕ್ಯಾಮೆರಾಕ್ಕ ಬಿಳಿ ಯಾವುದಂತ ಮೊದಲ ತೋರಿಸಿ ತೆಗಿತೇನಿ, ಹಳದಿ ಹೋಗಿ ಖರೇ ಬಣ್ಣ ಬರ್ತೈತಿ.”

“ಆಮ್ಯಾಲ ಕಪ್ಪಗ ಕಾಣ್ತಿ.”

“ಇದ್ದಂಗ ಕಾಣ್ತೇನಿ. ಫೋಟೋದಾಗ ನಿನ್ನ ಹಣಿ ನೋಡು. ವಿಭೂತಿ ಎಲ್ಲ್ಯರ ಹಳದಿ ಇರ್ತೈತೇನು?”

ತಾಯಿ ನೋಡಿದಳು. ನೋಡುತ್ತಲೇ ಇದ್ದಳು. ನವನಗರ ಬಂತು, ಇಬ್ಬರೂ ಎದ್ದರು.

“ಬಿಳಿ ತೋರಸಾಕ ಏನು ಬೇಕು?”

“ಒಂದು ಬಿಳಿ ಹಾಳಿ ಸಾಕು.”

“ಹಾಳಿ ಯಾಕ? ದೇವರ ಮನ್ಯಾಗ ವಿಭೂತಿ ಗಟ್ಟಿ ಐತಿ. ನಡಿ ಲಗೂ.”