ಗಾಳಿಗೆ ಎದುರಾದ ತುದಿ

ನಮ್ಮ ತಂಡ ಉಳಿಯಿತು! — ಕ್ಷಮಿಸಿ, ಮೊದಲು ನಮಸ್ಕಾರ ಹೇಳಬೇಕಿತ್ತು. ಮೌರೀನ್ ಅವರೇ, ಟ್ರೆಲೋರ್ ಕುಟುಂಬದವರೇ, ವಾರಿಂಗಾ ಕ್ರಿಕೆಟ್ ಕ್ಲಬ್ಬಿನ ಗೆಳೆಯರೇ, ಡೆಸ್ ಅವರನ್ನು ಮಣ್ಣಿಗೆ ಕಳಿಸಿ ಅಳಬೇಕಾದ ದಿನ ಹೀಗೆ ಕೂಗಿದ್ದಕ್ಕೆ ಬೈಯಬೇಡಿ. ನನಗೆ ಮದುವೆಯಾಗಿ ಮೂರೇ ವಾರ. ನನ್ನ ಬಾಯಿ ಮುಚ್ಚಿಸುವುದು ಅಲ್ಲಿ ಕುಳಿತಿರುವ ಹ್ಯಾಮಿಷ್‌ಗೂ ಆಗುತ್ತಿಲ್ಲ.

ಡೆಸ್ ಟ್ರೆಲೋರ್ — ಮೂವತ್ತೊಂದು ವರ್ಷ ನಮ್ಮ ಕ್ಲಬ್ಬಿನ ಮಧ್ಯಮ ವೇಗದ ಬೌಲರ್. ರಾಜ್ಯಕ್ಕಾಗಿ ಹದಿನಾಲ್ಕು ಪಂದ್ಯ, ನಲವತ್ತಾರು ವಿಕೆಟ್. ದೇಶದ ತಂಡದಿಂದಲೂ ಒಮ್ಮೆ ಕರೆ ಬಂತು — ಹನ್ನೆರಡನೆಯ ಆಟಗಾರನಾಗಿ! "ದೇಶಕ್ಕೆ ಏನ್ ಮಾಡಿದ್ರಿ ಡೆಸ್?" ಎಂದು ಕೆಣಕಿದರೆ, "ಐದು ದಿನ ನೀರು ಹೊತ್ತೆ ಕಣೇ, ಒಂದು ತೊಟ್ಟೂ ಚೆಲ್ಲಲಿಲ್ಲ" ಅನ್ನುತ್ತಿದ್ದರು.

ನಮ್ಮ ಮೈದಾನದ ಉತ್ತರದ ಬಿಸಿಗಾಳಿ ನಿಮಗೆಲ್ಲ ಗೊತ್ತು. ಗೋಧಿ ಕಣಜದ ತುದಿಯಿಂದ ಎಸೆದರೆ ಗಾಳಿಯೇ ಬೆನ್ನು ತಳ್ಳುತ್ತದೆ. ಎದುರಿನ ರೈಲ್ವೆ ಸ್ಟೇಷನ್ ತುದಿಯಿಂದ ಎಸೆದರೆ — ಮುಖಕ್ಕೇ. ಆ ಸ್ಟೇಷನ್ ತುದಿಗೆ ಡೆಸ್ ಯಾರೂ ಹೇಳದೆ ನಡೆದುಬಿಡುತ್ತಿದ್ದರು. ಪ್ರತಿ ಶನಿವಾರ. ಐವತ್ತೆಂಟನೆಯ ವಯಸ್ಸಿನಲ್ಲೂ!

ಒಮ್ಮೆ ನಾನು ಕಣಜದ ತುದಿಯಿಂದ ಐದು ವಿಕೆಟ್ ಕಿತ್ತು ಕುಣಿದಾಡಿದೆ. "ಈವತ್ತು ತುದಿ ಬದಲಾಯಿಸೋಣ, ನೀವು ಸುಧಾರಿಸ್ಕೊಳ್ಳಿ" ಎಂದೆ. ಮೊದಲ ಚೆಂಡಿಗೇ ನನ್ನ ಟೋಪಿ ಹಾರಿ ಬೌಂಡರಿ ದಾಟಿತು — ಚೆಂಡು ಅರ್ಧ ದಾರಿಯಲ್ಲೇ ಬಿತ್ತು.

"ಗೊತ್ತಾಯ್ತಾ ಬ್ರಾನ್ವೆನ್? ಆ ಐದರಲ್ಲಿ ಎರಡು ನನ್ನವು!" ಎಂದರು ಡೆಸ್.

ನಿಜ. ಅವರ ತುದಿಯಲ್ಲಿ ರನ್ ಸಿಗದೆ ಚಡಪಡಿಸಿದವರೇ ನನ್ನ ತುದಿಯಲ್ಲಿ ಔಟಾಗುತ್ತಿದ್ದರು.

ಡೆಸ್ ಹೋದ ಮೇಲೆ ಉಳಿದವರು ಹನ್ನೊಂದು. ನಾನು ಗಂಡನ ಊರು ಮೆಲ್ಬರ್ನ್ ಸೇರಿಕೊಂಡರೆ ಹತ್ತು. ಹತ್ತಾದರೆ ವಾರಿಂಗಾ ಹೆಸರನ್ನೇ ಪಟ್ಟಿಯಿಂದ ತೆಗೆಯುತ್ತೇವೆ ಎಂದು ಲೀಗ್‌ನವರು ಹೇಳಿದ್ದರು. ಮೆಲ್ಬರ್ನ್‌ನಿಂದಲೇ ಬಂದು ಇಲ್ಲಿ ಆಡುತ್ತೇನೆ ಎಂದು ನಿನ್ನೆ ಹ್ಯಾಮಿಷ್‌ಗೆ ಹೇಳಿಯೇಬಿಟ್ಟೆ.

"ಮೂರು ಗಂಟೆ ಕಾಲ ರೈಲಿನಲ್ಲಿ, ಬರೀ ಆಟಕ್ಕೆ?"

"ಹೂಂ."

"ಪ್ರತಿ ವಾರ?"

"ಪ್ರತಿ ವಾರ."

"ಸರಿ, ಸ್ಯಾಂಡ್‌ವಿಚ್ ನಾನು ಕಟ್ಟಿಕೊಡ್ತೀನಿ."

ಎಂಥ ಗಂಡ ನೋಡಿ! ಇಂದು ಬೆಳಿಗ್ಗೆ ಲೀಗ್‌ಗೆ ಹನ್ನೊಂದೂ ಹೆಸರು ಕೊಟ್ಟುಬಂದೆ.

ಮೌರೀನ್ ಅವರೇ, ನಿಮ್ಮ ಯಜಮಾನರ ಸ್ಟೇಷನ್ ತುದಿ ಇನ್ನು ನನ್ನದು. ಚೆಂಡು ಅರ್ಧ ದಾರಿಯಲ್ಲಿ ಬೀಳಲಿ — ಮತ್ತೆ ಎಸೆಯುತ್ತೇನೆ. ಟೋಪಿ ಹಾರಲಿ — ಬರಿತಲೆಯಲ್ಲಿ ಎಸೆಯುತ್ತೇನೆ.

ಈಗ ಎಲ್ಲರೂ ಎದ್ದು ನಿಲ್ಲಿ. ಡೆಸ್ ಓಟ ಶುರುಮಾಡಲು ಹತ್ತೊಂಬತ್ತು ಹೆಜ್ಜೆ ಹಿಂದಕ್ಕೆ ನಡೆಯುತ್ತಿದ್ದರಲ್ಲ — ಅಷ್ಟು ಹೊತ್ತು ಮೌನವಾಗಿರೋಣ. ಆಮೇಲೆ ಮೈದಾನ ಸಿದ್ಧಮಾಡಿ. ನಾನು ಬರುವುದು ಶನಿವಾರ, ಮೆಲ್ಬರ್ನ್‌ನಿಂದ ಬೆಳಗಿನ ಏಳೂವರೆಯ ರೈಲಿಗೆ.