ಕಲೆ ಉಳಿಸದ ನೀರು

ಮೂಳೆ ಡಾಕ್ಟರ ಕೊಠಡಿಯ ಹೊರಗೆ, ಮಣಿಕಟ್ಟಿನ ನೋವಿಗೆಂದು ಬಂದಿದ್ದ ನಿವೃತ್ತ ಟೈಪಿಸ್ಟ್ ಪತ್ರಿಕೆ ಬಿಡಿಸಿ ಕೂತಿದ್ದರೂ ಓದಿದ್ದು ಕಡಿಮೆ. ಪಕ್ಕದ ಬೆಂಚಿನಲ್ಲಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡಿದ್ದ ಕಿಟಕಿ ತೊಳೆಯುವವನು ಊರುಗೋಲಿನಿಂದ ನೆಲ ಕುಟ್ಟುತ್ತಲೇ ಇದ್ದ. ಜೊತೆಗಿದ್ದ ಅವನ ಹೆಂಡತಿಯ ಮಡಿಲಲ್ಲಿ ನೀರು ಶುದ್ಧಮಾಡುವ ಯಂತ್ರಗಳ ಎರಡು ಕರಪತ್ರಗಳಿದ್ದವು.

“ನೀರಿನ ಉಪ್ಪು ಹೀರೋ ಈ ರೆಸಿನ್ ಸಿಲಿಂಡರ್ ಒಂದೇ ಸಾಕು ಕಣೇ. ವ್ಯಾನಿನ ಮೂಲೇಲಿ ಕೂತ್ಕೊಳ್ಳುತ್ತೆ. ನಲ್ಲಿಗೆ ಸಿಕ್ಕಿಸಿದ್ರೆ ಆಗ್ಲೇ ನೀರು ರೆಡಿ.”

“ನಮ್ಮದು ಗಡಸು ನೀರು ರೀ. ಎರಡೇ ವಾರಕ್ಕೆ ರೆಸಿನ್ ಸತ್ತುಹೋಗುತ್ತೆ. ಆಮೇಲೆ ಗಾಜು ಒಣಗಿದ್ರೆ ಬರೀ ಬಿಳಿ ಚುಕ್ಕೆ. ಮೊದಲು ಆರ್‌ಓ ಮಷೀನಲ್ಲಿ ಸೋಸಿದ್ರೆ ರೆಸಿನ್ ತಿಂಗಳುಗಟ್ಟಲೆ ಬರುತ್ತೆ.”

“ಚುಕ್ಕೆ ಬಂದ್ರೆ ಬಟ್ಟೇಲಿ ಒರೆಸಿದ್ರಾಯ್ತು.”

“ಮೂರನೇ ಮಹಡಿ ಗಾಜನ್ನ ನೆಲದಲ್ಲಿ ನಿಂತು ಒರೆಸ್ತೀರಾ?”

ಅವಳು ಅವನ ಪ್ಲಾಸ್ಟರಿನ ಕಡೆ ಕೈ ತೋರಿಸಿದಳು.

“ನೀರು ಚಿಮ್ಮೋ ಆ ಉದ್ದ ಕೋಲಿನ ಬ್ರಷ್ ತಗೊಂಡಿದ್ದೇ ನೀವು ಏಣಿ ಹತ್ತಬಾರ್ದು ಅಂತ. ಚುಕ್ಕೆ ಕಂಡ್ರೆ, ಇವತ್ತೊಂದಿನ ಅಂತ ಹತ್ತೇ ಹತ್ತುತ್ತೀರ. ನಿಮ್ಮನ್ನ ನಾನು ಕಾಣೆನಾ?”

“ಆರ್‌ಓ ಹಾಕಿಸಿದ್ರೆ ಅರ್ಧ ನೀರು ಚರಂಡಿಗೆ.”

“ಅದರಲ್ಲೇ ವ್ಯಾನ್ ತೊಳೀತೀನಿ ಬಿಡಿ.”

ನರ್ಸ್ ಅವನ ನಂಬರ್ ಕೂಗಿದರು. ಅವನು ಗಡಿಬಿಡಿಯಲ್ಲಿ ಎದ್ದು ಬಾಗಿಲ ಬಳಿ ತಿರುಗಿ ನಿಂತ.

“ಆ ಆರ್‌ಓದಲ್ಲಿ ವ್ಯಾನಿನ ಟ್ಯಾಂಕ್ ತುಂಬೋಕೆ ಆರು ಗಂಟೆ ಬೇಕಂತೆ. ಅಷ್ಟು ಹೊತ್ತು ನಾನೇನು ಮಾಡ್ಲಿ?”

ಅವಳು ಆರ್‌ಓದ ಕರಪತ್ರ ಚೀಲಕ್ಕೆ ಹಾಕಿಕೊಂಡು, ಇನ್ನೊಂದನ್ನು ಬೆಂಚಿನ ಮೇಲೆಯೇ ಬಿಟ್ಟು ಎದ್ದಳು.

“ನೆಲದ ಮೇಲಿರಿ, ಸಾಕು.”

ಇಬ್ಬರೂ ಒಳಗೆ ಹೋದರು.