ಪರೀಕ್ಷೆಗೆ ಮಾತ್ರ ಹಾಗಲಕಾಯಿ

ಈಗ ನೋಡಿ ತಾಯಂದಿರೇ, ಯಜಮಾನರೇ, ಒಂದು ಪಟ್ಟಣ, ಅಲ್ಲೊಬ್ಬ ಸಾಹುಕಾರ. ಯಾವ ಪಟ್ಟಣ ಅಂತ ಕೇಳಬೇಡಿ, ಹೆಸರು ಹೇಳಿದರೆ ನಿಮ್ಮಲ್ಲಿ ಕೆಲವರು ಎದ್ದು ಹೋಗ್ತೀರಿ. ಅಕ್ಕಿ ಮಿಲ್ಲು, ಮಹಡಿ ಮನೆ, ಊರಲ್ಲಿ ಮರ್ಯಾದೆ, ಎಲ್ಲ ಇತ್ತು. ಜೊತೆಗೆ ಸಕ್ಕರೆ ಕಾಯಿಲೆಯೂ ಇತ್ತು. ಎಲ್ಲ ಇದ್ದವನ ಮನೆಗೆ ಅದೊಂದು ಬರದೆ ಇರುತ್ತಾ?

ಊಟದಲ್ಲಿ ಅವನದೇ ಒಂದು ಶಾಸ್ತ್ರ. ಸಕ್ಕರೆ ವಿಷ, ಬೆಲ್ಲ ಅಮೃತ. ಹೋಳಿಗೆ ಮೇಲೆ ತುಪ್ಪ ಸುರಿದರೆ ಸಿಹಿಯ ದೋಷ ಪರಿಹಾರ. ಇನ್ನು ಪ್ರಸಾದ? "ಅಯ್ಯೋ, ದೇವರ ಪ್ರಸಾದಕ್ಕೆ ಎಲ್ಲಾದ್ರೂ ಶುಗರ್ ಏರುತ್ತೇನ್ರೀ!" ಅಂತ ಮಠದ ಪಂಕ್ತಿಯಲ್ಲಿ ಹುಗ್ಗಿಯನ್ನ ಮತ್ತೆ ಮತ್ತೆ ಬಡಿಸಿಕೊಳ್ಳೋ ಭಕ್ತಿ. ನಗಬೇಡಿ. ಮುಂದಿನ ಸಾಲಲ್ಲಿ ಕೂತವರಂತೂ ನಗಲೇಬೇಡಿ.

ಆದರೆ ರಕ್ತ ಪರೀಕ್ಷೆ ಹತ್ತಿರ ಬಂತು ಅನ್ನಿ, ಆಗ ನೋಡಬೇಕಿತ್ತು ಅವನ ವೈರಾಗ್ಯ! ನಾಲ್ಕು ದಿನ ಮೊದಲೇ ವ್ರತ ಶುರು. ಬೆಳಿಗ್ಗೆ ಹಾಗಲಕಾಯಿ ರಸ, ಮಧ್ಯಾಹ್ನ ಮೆಂತ್ಯದ ನೀರು, ರಾತ್ರಿ ಅರ್ಧ ಮುದ್ದೆ. ಮಿಲ್ಲಿನ ಅಂಗಳದಲ್ಲಿ ಸುತ್ತು ಹಾಕಿದ್ದೇ ಹಾಕಿದ್ದು. ಮರೆತುಹೋಗಿದ್ದ ಮಾತ್ರೆಗಳೂ ಆಗಲೇ ನೆನಪಾಗೋದು. ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ತೋಳು ಚಾಚಿ ಕೂತರೆ, ಯಾವ ತಪಸ್ವಿಯೋ ಬಂದ ಅನ್ನಬೇಕು. ರಿಪೋರ್ಟು ಚೊಕ್ಕ! ಬರೋ ದಾರೀಲೇ ಮಿಠಾಯಿ ಅಂಗಡಿ. "ನಾರ್ಮಲ್ ಬಂದಿದೆ ಕಣಯ್ಯಾ, ಅರ್ಧ ಕೆಜಿ ಮೈಸೂರು ಪಾಕ್ ಕಟ್ಟು" ಅನ್ನೋನು.

ಡಾಕ್ಟರಮ್ಮ ಪ್ರತಿ ಸಲ ಇನ್ನೊಂದು ಪರೀಕ್ಷೆಯನ್ನೂ ಬರೆಯೋರು, ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳೋ ಪರೀಕ್ಷೆ. ಅದನ್ನ ಮಾತ್ರ ಇವನು ಮಾಡಿಸ್ತಿರಲಿಲ್ಲ. "ಆಗಿಹೋದ ಮೂರು ತಿಂಗಳ ವಿಚಾರ ಈಗ್ಯಾಕೆ ಕೆದಕೋದು ಡಾಕ್ಟ್ರೇ? ಇವತ್ತು ಹೇಗಿದೀನಿ ಅದನ್ನ ನೋಡಿ." ಎಂಥಾ ವೇದಾಂತ, ಆಹಾ!

ಹೀಗಿರುವಾಗ ಹೊಸ ಚಪ್ಪಲಿ ಕಚ್ಚಿ ಬಲಗಾಲಿನ ಹೆಬ್ಬೆರಳಲ್ಲಿ ಒಂದು ಗುಳ್ಳೆ ಎದ್ದಿತು. ಒಡೆಯಿತು, ಆರಲಿಲ್ಲ. ಹೆಂಡತಿ ನೋಡಿ ಗಾಬರಿಯಾದಳು. "ಏನ್ರೀ ಇದು, ಕೀವು ಸೋರ್ತಿದೆ! ಡಾಕ್ಟರಮ್ಮನಿಗೆ ತೋರಿಸಿ."

"ನೋವೇ ಇಲ್ವಲ್ಲೇ! ನೋವಿಲ್ಲದ ಗಾಯ ಒಂದು ಗಾಯಾನೇನೇ?"

ಪಾಪ, ನೋವು ಯಾಕಿಲ್ಲ ಅಂತ ಅವನು ಯೋಚನೆ ಮಾಡಲಿಲ್ಲ. ಕಾಲಿನ ನರಗಳನ್ನ ಸಕ್ಕರೆ ಆಗಲೇ ತಿಂದುಹಾಕಿತ್ತು, ಬೆರಳಿಗೆ ಕೂಗಿಕೊಳ್ಳೋ ಶಕ್ತಿಯೂ ಉಳಿದಿರಲಿಲ್ಲ. ಅಷ್ಟರಲ್ಲಿ ಪರೀಕ್ಷೆಯ ದಿನ ಬಂತು. ಮತ್ತೆ ವ್ರತ, ಮತ್ತೆ ಹಾಗಲಕಾಯಿ, ಮತ್ತೆ ಚೊಕ್ಕ ರಿಪೋರ್ಟು. ಡಾಕ್ಟರಮ್ಮ ಅದನ್ನ ನೋಡಿ ಖುಷಿಪಟ್ಟರು. "ಇಷ್ಟು ಚೆನ್ನಾಗಿದೆ ಅಂದ್ಮೇಲೆ ಮಾತ್ರೆ ಕಡಿಮೆ ಮಾಡೋಣ ಯಜಮಾನ್ರೇ, ಇಲ್ಲಾಂದ್ರೆ ಶುಗರ್ ತೀರಾ ಇಳಿದು ತಲೆ ತಿರುಗೀತು. ಬೇರೇನಾದ್ರೂ ತೊಂದರೆ ಇದೆಯಾ?"

ಸಾಹುಕಾರ ಒಮ್ಮೆ ತನ್ನ ಬಲಗಾಲಿನ ಕಡೆ ನೋಡಿಕೊಂಡ. ಹೇಳಿಬಿಡಲೇ? ಹೇಳಿದರೆ ಗಾಯ ಯಾಕೆ ಆರಿಲ್ಲ ಅಂತ ಕೇಳ್ತಾರೆ, ಆ ಹಾಳು ಮೂರು ತಿಂಗಳ ಪರೀಕ್ಷೆ ಮಾಡಿಸ್ತಾರೆ, ಮಾನ ಹೋಗುತ್ತೆ. ಜೊತೆಗೆ ಬಂದಿದ್ದ ಹೆಂಡತಿ ಹೇಳೋಕೆ ಬಾಯಿ ತೆರೆದಳು, ಇವನು ಕಣ್ಣು ಕೆಕ್ಕರಿಸಿದ. ಬಲಗಾಲನ್ನ ಮೆಲ್ಲಗೆ ಕುರ್ಚಿಯ ಹಿಂದಕ್ಕೆ ಎಳಕೊಂಡು, "ಏನಿಲ್ಲ ಡಾಕ್ಟ್ರೇ, ಕಲ್ಲುಗುಂಡಿನ ಹಾಗಿದೀನಿ" ಅಂದ. ಮನೆಗೆ ಬಂದವನು ಬೀದಿಗೆಲ್ಲ ಸಾರಿದ, ನನ್ನ ಮಾತ್ರೆ ಅರ್ಧ ಆಯ್ತು ಅಂತ. ಆ ಸಂತೋಷಕ್ಕೆ ಹೋಳಿಗೆ ಊಟ.

ಆಮೇಲೇನು? ಜ್ವರ ಬಂತು. ಬೆರಳು ಕಪ್ಪಗಾಯಿತು. ಹೊತ್ತುಕೊಂಡು ಹೋಗಿ ಆಸ್ಪತ್ರೆಗೆ ಸೇರಿಸಿದರು. ಈ ಸಲ ಅವನನ್ನ ಯಾರೂ ಕೇಳಲಿಲ್ಲ, ವ್ರತಕ್ಕೆ ಪುರುಸೊತ್ತೂ ಕೊಡಲಿಲ್ಲ, ರಕ್ತ ತೆಗೆದು ಎರಡೂ ಪರೀಕ್ಷೆ ಮಾಡಿದರು.

"ರಕ್ತದ ಕಣಕ್ಕೆ ಅಂಟಿಕೊಂಡ ಸಕ್ಕರೆ ನಾಲ್ಕು ದಿನದ ಹಾಗಲಕಾಯಿಗೆ ಬಿಡೋದಿಲ್ಲ ಯಜಮಾನ್ರೇ" ಅಂದರು ಡಾಕ್ಟರಮ್ಮ. "ಬೆರಳು ತೆಗೀಲೇಬೇಕು. ಇವತ್ತು ಬಿಟ್ರೆ ಪಾದವೇ ಹೋಗುತ್ತೆ."

ಸಾಹುಕಾರ ಮಗುವಿನ ಹಾಗೆ ಅತ್ತುಬಿಟ್ಟ. ಅಳುವಿನ ನಡುವೆಯೂ ತಪ್ಪು ಹುಡುಕೋದು ಬಿಡಲಿಲ್ಲ ನೋಡಿ! "ಮಾತ್ರೆ ಕಡಿಮೆ ಮಾಡಿದ್ದು ನೀವೇ ಅಲ್ವೇ?"

"ನೀವು ನನಗೆ ಒಬ್ಬ ಮನುಷ್ಯನನ್ನ ತೋರಿಸಿದ್ರಿ, ಅವನಿಗೆ ನಾನು ಔಷಧಿ ಬರೆದೆ. ಅಂಥವನು ನಿಮ್ಮ ಮನೇಲಿ ಇರಲೇ ಇಲ್ಲವಲ್ಲ, ನಾನೇನು ಮಾಡಲಿ?"

ಹೆಂಡತಿ ಅವನ ಎಡಗಾಲನ್ನ ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದಳು. ಬಲಗಾಲಿನ ಬೆರಳು ಸಂಜೆಯೊಳಗೆ ಹೋಯಿತು.

ಥೂ ಎಂಥ ದಡ್ಡ, ಅಂದುಕೊಂಡ್ರಾ? ಸಂತೋಷ. ಈಗ ನಿಮ್ಮ ಕಡೆ ಬರೋಣ. ಶ್ರಾವಣ ಬಂದರೆ ಈರುಳ್ಳಿ ಬಿಡ್ತೀರಿ, ಸೊಸೆಯನ್ನ ಚುಚ್ಚಿ ಮಾತಾಡೋದು ಬಿಡ್ತೀರಾ? ಸೋಮವಾರ ತಕ್ಕಡಿಗೆ ಕುಂಕುಮ ಹಚ್ತೀರಿ, ಮಂಗಳವಾರ ಅದೇ ತಕ್ಕಡೀಲಿ ಹೇಗೆ ತೂಗ್ತೀರಿ? ನನ್ನೆದುರು ಕೈ ಮುಗಿದು ಎಷ್ಟು ಸಾಧುವಾಗಿ ಕೂತಿದೀರಿ! ಇದು ನಿಮ್ಮ ಖಾಲಿ ಹೊಟ್ಟೆಯ ರಿಪೋರ್ಟು. ಮೇಲಿರೋನು ಇದನ್ನ ನೋಡಿ ಮಾತ್ರೆ ಬರೆಯೋನಲ್ಲ, ಅವನು ಮೂರು ತಿಂಗಳದ್ದು ಕೇಳ್ತಾನೆ.

ಆದ್ದರಿಂದ ಶುಗರ್ ಇರೋರು ಪರೀಕ್ಷೆಯ ಹಿಂದಿನ ದಿನಗಳಲ್ಲೂ ದಿನಾ ತಿನ್ನೋ ಹಾಗೇ ತಿನ್ನಿ, ಡಾಕ್ಟರು ಖಾಲಿ ಹೊಟ್ಟೆ ಅಂದರೆ ಖಾಲಿ ಹೊಟ್ಟೆಯಲ್ಲೇ ಹೋಗಿ, ಆ ಮೂರು ತಿಂಗಳ ಪರೀಕ್ಷೆಯನ್ನೂ ಮಾಡಿಸಿ, ಡಾಕ್ಟರ ಮುಂದೆ ನಿಜ ಹೇಳಿ. ಇಲ್ಲದೋರು ಇಲ್ಲಿ ಮಾತಾಡೋ ಹಾಗೆ ಮನೇಲೂ ಮಾತಾಡಿ. ಗಂಡ ಆಗಲಿ ಹೆಂಡತಿ ಆಗಲಿ, ನಿಮ್ಮ ಹುಣ್ಣು ತೋರಿಸಿ ಅಂದ ದಿನ ಕಣ್ಣು ಕೆಕ್ಕರಿಸಬೇಡಿ.

ಪ್ರಸಾದಕ್ಕೆ ಗೋಧಿ ಹುಗ್ಗಿ ಇದೆ. ಅದಕ್ಕೂ ಶುಗರ್ ಏರುತ್ತೆ, ನಾನೇ ಹೇಳ್ತಿದೀನಿ, ಒಂದು ಚಮಚ ಸಾಕು. ಊಟ ಮುಗಿಸಿ ಹೊರಗೆ ಹೋಗ್ತೀರಲ್ಲ, ಚಪ್ಪಲಿ ಮೆಟ್ಟೋ ಮುಂಚೆ ಒಂದು ಸಲ ಬಗ್ಗಿ ನಿಮ್ಮ ಕಾಲು ನೋಡಿಕೊಳ್ಳಿ.